ಸಾಮಾನು ಆರಿಸುವವರು ಒಬ್ಬರು, ಕರೆಂಟ್ ಬಿಲ್ ಕಟ್ಟುವವರು ಇನ್ನೊಬ್ಬರು

ನಾನು ಹಿಂದೆ ಇದ್ದ ಬಾಡಿಗೆ ಮನೆಯಲ್ಲಿ ಒಂದು ಹಳೇ ಏಸಿ ಇತ್ತು. ಶುರು ಮಾಡಿದರೆ ಪಕ್ಕದ ಮನೆಯವರಿಗೂ ಗೊತ್ತಾಗುವಷ್ಟು ಸದ್ದು. ರೂಮು ತಣ್ಣಗಾಗುತ್ತಿತ್ತು, ಅದರಲ್ಲಿ ತಕರಾರಿಲ್ಲ. ತಿಂಗಳ ಕೊನೆಗೆ ಬಿಲ್ ಬಂದಾಗ ಮಾತ್ರ ಮೈ ಬಿಸಿಯಾಗುತ್ತಿತ್ತು. ಬದಲಾಯಿಸಿ ಕೊಡಿ ಸಾರ್ ಅಂತ ಮಾಲೀಕರನ್ನು ಕೇಳಿದೆ. "ಚೆನ್ನಾಗೇ ಓಡ್ತಿದೆಯಲ್ರೀ, ಯಾಕೆ ಸುಮ್ನೆ ಖರ್ಚು?" ಅಂದರು.

ಅವರ ಕಡೆಯಿಂದ ನೋಡಿದರೆ ಆ ಮಾತು ಸರಿಯೇ. ಹೊಸ ಏಸಿಗೆ ದುಡ್ಡು ಅವರದು, ಇಳಿಯುವ ಬಿಲ್ ನನ್ನದು. ನಾನೇ ಕೊಳ್ಳೋಣ ಅಂದರೆ, ಒಂದೆರಡು ವರ್ಷಕ್ಕೆ ಮನೆ ಖಾಲಿ ಮಾಡುವವನು ನಾನು. ಗೋಡೆಗೆ ಕೂರಿಸಿದ್ದನ್ನು ಕಿತ್ತು ಹೊತ್ತುಕೊಂಡು ಹೋಗುವ ರಗಳೆ ಯಾರಿಗೆ ಬೇಕು? ಇಬ್ಬರೂ ಲೆಕ್ಕಾಚಾರದಿಂದಲೇ ನಡೆದುಕೊಂಡೆವು. ಕರೆಂಟು ಮಾತ್ರ ಪೋಲಾಗುತ್ತಲೇ ಹೋಯಿತು.

ಮನೆ ಮತ್ತು ಉದ್ಯಮಗಳ ಇಂಧನ ದಕ್ಷತೆಗೆ ಅಂತ ಸರ್ಕಾರಗಳು ಕಾಯ್ದೆ, ಲೇಬಲ್, ಸಾಲ, ಸಬ್ಸಿಡಿ ಅಂತೆಲ್ಲ ತರುತ್ತವಲ್ಲ, ಅವು ಅರ್ಥವಾಗಲು ಈ ಏಸಿ ಪ್ರಸಂಗ ನೆನಪಿಟ್ಟುಕೊಂಡರೆ ಸಾಕು. ಸಾಮಾನು ಆರಿಸುವವರು ಒಬ್ಬರು, ಅದರ ಬಿಲ್ ಕಟ್ಟುವವರು ಇನ್ನೊಬ್ಬರು. ಒಳ್ಳೆಯ ನೀತಿ ಈ ಇಬ್ಬರ ನಡುವಿನ ಅಂತರವನ್ನು ಹೇಗೋ ಮುಚ್ಚುತ್ತದೆ. ಸೋತ ನೀತಿಗಳನ್ನು ಬಿಡಿಸಿ ನೋಡಿದರೆ, ಹೆಚ್ಚಿನವು ತಪ್ಪು ವ್ಯಕ್ತಿಯ ಮನೆ ಬಾಗಿಲು ತಟ್ಟಿರುತ್ತವೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಫ್ಯಾನ್ ಆಫ್ ಮಾಡಿ ಬೆವರುತ್ತಾ ಕೂತರೆ ಅದು ಉಳಿತಾಯ. ಅಷ್ಟೇ ಗಾಳಿಯನ್ನು ಅರ್ಧಕ್ಕಿಂತ ಕಡಿಮೆ ಕರೆಂಟಿನಲ್ಲಿ ಪಡೆದರೆ ಅದು ದಕ್ಷತೆ. ಮಾಮೂಲಿ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಎಂಬ ಕಡಿಮೆ ಕರೆಂಟಿನ ಮೋಟಾರಿನ ಫ್ಯಾನ್ 30 ವ್ಯಾಟ್ ಆಸುಪಾಸಿನಲ್ಲಿ ಅದೇ ಕೆಲಸ ಮಾಡುತ್ತದೆ. ಎರಡನೆಯದರಲ್ಲಿ ಯಾರೂ ಏನನ್ನೂ ಬಿಡಬೇಕಾಗಿಲ್ಲ. ಅದಕ್ಕೇ ರಾಜಕಾರಣಿಗಳಿಗೂ ಈ ಮಾತು ಆಡುವುದು ಸುಲಭ.

ಹಾಗಾದರೆ ಸರ್ಕಾರ ಯಾಕೆ ತಲೆ ಹಾಕಬೇಕು? ಲಾಭ ಇದೆ ಅಂದಮೇಲೆ ಜನರೇ ಕೊಳ್ಳುತ್ತಾರಲ್ಲ? ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ಇದೇ ಪ್ರಶ್ನೆ ಕೇಳಿಕೊಂಡಿದ್ದರು. ಜೆರ್ರಿ ಹೌಸ್‌ಮನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1979ರಲ್ಲಿ ಏಸಿ ಕೊಳ್ಳುವವರ ಆಯ್ಕೆಗಳನ್ನು ಲೆಕ್ಕ ಹಾಕಿದರು. ಕಡಿಮೆ ಕರೆಂಟಿನ ಏಸಿಗೆ ಹಾಕುವ ಹೆಚ್ಚುವರಿ ದುಡ್ಡು ವರ್ಷಕ್ಕೆ ಸುಮಾರು 20ರಿಂದ 25 ಪರ್ಸೆಂಟ್ ಬಡ್ಡಿಯಂತೆ ವಾಪಸ್ ಬಂದರೆ ಮಾತ್ರ ಜನ ಕೈ ಹಾಕುತ್ತಿದ್ದರು. ನಮ್ಮಲ್ಲಿ ಯಾವ ಬ್ಯಾಂಕಿನ ಠೇವಣಿಯೂ ಅಷ್ಟು ಕೊಡುವುದಿಲ್ಲ. ಅಂಗಡಿಯಲ್ಲಿ ಬೆಲೆಯ ಚೀಟಿ ಕಣ್ಣಿಗೆ ಹೊಡೆಯುತ್ತದೆ. ಹತ್ತು ವರ್ಷದ ಬಿಲ್ ಅಲ್ಲಿ ಎಲ್ಲೂ ನೇತಾಡುವುದಿಲ್ಲ. ಇದು ದಡ್ಡತನ ಅಂತ ನನಗನಿಸುವುದಿಲ್ಲ. ದಿನಕ್ಕೆ ನೂರು ಯೋಚನೆ ಇರುವವರು ಕಂಪ್ರೆಸರ್ ಬಗ್ಗೆ ಯೋಚಿಸಲು ಸಮಯ ಎಲ್ಲಿಂದ ತರಬೇಕು?

ಫ್ರಿಜ್ಜಿನ ಬಾಗಿಲಲ್ಲಿ ಹೀಟರ್

ದಕ್ಷತೆ ನೀತಿಯ ಬಗ್ಗೆ ಯಾರಾದರೂ ಒಂದೇ ಒಂದು ಕಥೆ ಹೇಳು ಅಂದರೆ ನಾನು ಫ್ರಿಜ್ಜಿನ ಕಥೆ ಹೇಳುತ್ತೇನೆ.

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕರೆಂಟು ಅಗ್ಗ. ಫ್ರಿಜ್ ಕಂಪನಿಗಳಿಗೆ ಹೊರಗಿನ ಅಳತೆ ದೊಡ್ಡದು ಮಾಡದೆ ಒಳಗೆ ಜಾಸ್ತಿ ಜಾಗ ಕೊಡಬೇಕಿತ್ತು. ಏನು ಮಾಡಿದರು? ಗೋಡೆಯೊಳಗೆ ತುಂಬುವ, ತಂಪು ಸೋರದಂತೆ ತಡೆಯುವ ಪದರವನ್ನು ತೆಳ್ಳಗೆ ಮಾಡಿದರು. ಆಗ ಒಳಗಿನ ತಂಪು ಹೊರಗಿನ ತಗಡಿಗೆ ತಟ್ಟಿ, ಬಾಗಿಲ ಸುತ್ತ ನೀರು ಬೆವರಿನಂತೆ ಮೂಡತೊಡಗಿತು. ಗಿರಾಕಿಗಳು ದೂರಿದರು. ಅದಕ್ಕೆ ಕಂಡುಕೊಂಡ ಪರಿಹಾರ ಕೇಳಿ: ಬಾಗಿಲ ಅಂಚಿನಲ್ಲಿ ಸಣ್ಣ ಹೀಟರ್ ತಂತಿ! ತಣ್ಣಗೆ ಮಾಡುವ ಪೆಟ್ಟಿಗೆಗೆ ಬಿಸಿ ಮಾಡುವ ತಂತಿ. ಇದಕ್ಕೂ ಕರೆಂಟು, ಇದರ ಬಿಸಿಯನ್ನು ಹೊರಹಾಕಲು ಇನ್ನಷ್ಟು ಕರೆಂಟು. ಕಂಪನಿಗೆ ಇದರಿಂದ ಒಂದು ಪೈಸೆ ನಷ್ಟವಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

1970ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಮಾರಾಟವಾಗುತ್ತಿದ್ದ ಸರಾಸರಿ ಫ್ರಿಜ್ ವರ್ಷಕ್ಕೆ ಸುಮಾರು 1,800 ಯೂನಿಟ್ ನುಂಗುತ್ತಿತ್ತು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು, ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಮರುವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಇಂಧನಕ್ಕೆಂದೇ ಒಂದು ಆಯೋಗ ಮಾಡುವ ಕಾಯ್ದೆ ತಂದಿತು. ಅಲ್ಲಿ ಆರ್ಟ್ ರೋಸೆನ್‌ಫೆಲ್ಡ್ ಎಂಬ ಭೌತವಿಜ್ಞಾನಿ ಇದ್ದರು. ಹೆಸರಾಂತ ಅಣುವಿಜ್ಞಾನಿ ಎನ್ರಿಕೋ ಫರ್ಮಿಯ ಶಿಷ್ಯ, ಕಣ ಭೌತವಿಜ್ಞಾನದಲ್ಲಿ ಹೆಸರು ಮಾಡಿದವರು. ಅದನ್ನು ಬಿಟ್ಟು ಫ್ರಿಜ್ಜು, ಕಿಟಕಿ, ದೀಪಗಳ ಹಿಂದೆ ಬಿದ್ದರು. ಅವರ ವಾದ ನೇರವಾಗಿತ್ತು: ಹೊಸ ವಿದ್ಯುತ್ ಸ್ಥಾವರ ಕಟ್ಟುವುದಕ್ಕಿಂತ ಒಳ್ಳೆಯ ಫ್ರಿಜ್ ಮಾಡಿಸುವುದು ಅಗ್ಗ.

ರಾಜ್ಯ ಮಾಡಿದ್ದು ಒಂದು ಗೆರೆ ಎಳೆಯುವ ಕೆಲಸ. ಇಷ್ಟು ಗಾತ್ರದ ಫ್ರಿಜ್ ವರ್ಷಕ್ಕೆ ಇಷ್ಟು ಯೂನಿಟ್ ಮೀರಿದರೆ ಇಲ್ಲಿ ಮಾರುವ ಹಾಗಿಲ್ಲ. ಹೇಗೆ ಮಾಡುತ್ತೀರೋ ನಿಮಗೆ ಬಿಟ್ಟಿದ್ದು. ಬೇರೆ ರಾಜ್ಯಗಳೂ ಒಂದೊಂದು ಗೆರೆ ಎಳೆಯಲು ಶುರು ಮಾಡಿದಾಗ, ರಾಜ್ಯಕ್ಕೊಂದು ಮಾಡೆಲ್ ಮಾಡಲಾಗದೆ ಕಂಪನಿಗಳೇ ದೇಶಕ್ಕೆಲ್ಲ ಒಂದೇ ನಿಯಮ ಬೇಕು ಅಂದವು. 1987ರಲ್ಲಿ ಅಧ್ಯಕ್ಷ ರೇಗನ್ ಆ ಕಾಯ್ದೆಗೆ ಸಹಿ ಹಾಕಿದರು. ಸರ್ಕಾರದ ಕೈ ಎಲ್ಲೂ ಚಾಚಬಾರದು ಅನ್ನುತ್ತಿದ್ದ ಅದೇ ರೇಗನ್.

2001ರ ಹೊತ್ತಿಗೆ ಹೊಸ ಫ್ರಿಜ್ಜಿನ ಬಳಕೆ ವರ್ಷಕ್ಕೆ ಸುಮಾರು 500 ಯೂನಿಟ್‌ಗೆ ಇಳಿದಿತ್ತು. ಫ್ರಿಜ್ ಚಿಕ್ಕದಾಗಿರಲಿಲ್ಲ, ದೊಡ್ಡದಾಗಿತ್ತು. ಬೆಲೆಯೂ ಏರಲಿಲ್ಲ, ಹಣದುಬ್ಬರ ಕಳೆದು ನೋಡಿದರೆ ಇಳಿದಿತ್ತು. ಒಬ್ಬ ಗಿರಾಕಿಯೂ ಕಂಪ್ರೆಸರ್ ಬಗ್ಗೆ ಓದಬೇಕಾಗಲಿಲ್ಲ. ಕಾನೂನು ಮಾತಾಡಿದ್ದು ಕಂಪನಿಯಲ್ಲಿ ನಕ್ಷೆ ಬಿಡಿಸುತ್ತಿದ್ದ ಎಂಜಿನಿಯರ್ ಜೊತೆ, ಕೋಟ್ಯಂತರ ಗಿರಾಕಿಗಳ ಜೊತೆ ಅಲ್ಲ. ಇದೇ ಅದರ ಗುಟ್ಟು.

ಆದರೆ ಗೆರೆ ಎಲ್ಲಿ ಎಳೆಯಬೇಕು? ಕಂಪನಿಗಳನ್ನು ಕೇಳಿದರೆ ಆಗಲ್ಲ ಅನ್ನುತ್ತವೆ. ಜಪಾನ್ ಇದಕ್ಕೊಂದು ಚಂದದ ಉಪಾಯ ಹುಡುಕಿತು. 1998ರಲ್ಲಿ ಕಾಯ್ದೆ ತಿದ್ದಿ ಟಾಪ್ ರನ್ನರ್ ಎಂಬ ಪದ್ಧತಿ ತಂದಿತು. ಇವತ್ತು ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಕಡಿಮೆ ಕರೆಂಟು ತಿನ್ನುವ ಮಾಡೆಲ್ ಯಾವುದೋ ಅದೇ ಮುಂದಿನ ಕೆಲವು ವರ್ಷಗಳ ಗುರಿಗೆ ಅಳತೆಗೋಲು. ನಿಮ್ಮ ಪ್ರತಿಸ್ಪರ್ಧಿ ಆಗಲೇ ಮಾಡಿ ಮಾರುತ್ತಿರುವಾಗ ಆಗಲ್ಲ ಅನ್ನುವುದು ಹೇಗೆ? ಅದೂ ಪ್ರತಿ ಮಾಡೆಲ್ ಗುರಿ ಮುಟ್ಟಬೇಕು ಅಂತೇನಿಲ್ಲ. ಕಂಪನಿ ಮಾರಿದ್ದೆಲ್ಲದರ ಸರಾಸರಿ ಮುಟ್ಟಿದರಾಯಿತು.

ಎಲ್ಲರೂ ಫಸ್ಟ್ ಕ್ಲಾಸ್ ಆದಾಗ

ಕನಿಷ್ಠ ಮಟ್ಟದ ನಿಯಮ ಕೆಟ್ಟದ್ದನ್ನು ಅಂಗಡಿಯಿಂದ ಹೊರಗೆ ಹಾಕುತ್ತದೆ. ಉಳಿದವುಗಳಲ್ಲಿ ಒಳ್ಳೆಯದನ್ನು ತೋರಿಸುವುದು ಲೇಬಲ್ ಕೆಲಸ. ಯುರೋಪಿನಲ್ಲಿ 1990ರ ದಶಕದಲ್ಲಿ ಎ ಇಂದ ಜಿ ವರೆಗೆ ಏಳು ದರ್ಜೆಯ ಲೇಬಲ್ ಬಂತು. ಭಾರತದಲ್ಲಿ 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಹುಟ್ಟಿದ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ 2006ರಲ್ಲಿ ಸ್ಟಾರ್ ಲೇಬಲ್ ಶುರು ಮಾಡಿತು. ಓದಲು ಬಾರದವರೂ ನಕ್ಷತ್ರ ಎಣಿಸಬಲ್ಲರು.

ಲೇಬಲ್ ಗೆದ್ದರೆ ಅದೇ ಅದಕ್ಕೆ ಕಂಟಕ. ಯುರೋಪಿನಲ್ಲಿ ಕಂಪನಿಗಳು ಎಷ್ಟು ಸುಧಾರಿಸಿದವು ಅಂದರೆ ಎ ದರ್ಜೆ ಸಾಲದೆ ಎ ಪ್ಲಸ್, ಎ ಪ್ಲಸ್ ಪ್ಲಸ್, ಎ ಪ್ಲಸ್ ಪ್ಲಸ್ ಪ್ಲಸ್ ಸೇರಿಸಬೇಕಾಯಿತು. ಕೊನೆಗೆ ಮಾರಲು ಅನುಮತಿ ಇದ್ದ ಫ್ರಿಜ್‌ಗಳಲ್ಲಿ ಎಲ್ಲಕ್ಕಿಂತ ಕಳಪೆಯದಕ್ಕೂ ಎ ಪ್ಲಸ್! ಕ್ಲಾಸಿನಲ್ಲಿ ಎಲ್ಲರಿಗೂ ಡಿಸ್ಟಿಂಕ್ಷನ್ ಕೊಟ್ಟ ಹಾಗೆ. 2021ರ ಮಾರ್ಚ್‌ನಲ್ಲಿ ಪ್ಲಸ್‌ಗಳನ್ನೆಲ್ಲ ಅಳಿಸಿ ಮತ್ತೆ ಎ ಇಂದ ಜಿ ಮಾಡಿದರು. ಮುಂದೆ ಬರುವವರಿಗೆ ಜಾಗ ಇರಲಿ ಅಂತ ಮೇಲಿನ ದರ್ಜೆಯನ್ನು ಬೇಕೆಂದೇ ಹೆಚ್ಚುಕಡಿಮೆ ಖಾಲಿ ಬಿಟ್ಟರು. ಸ್ಟಾರ್ ಲೇಬಲ್‌ನಲ್ಲೂ ಮಟ್ಟವನ್ನು ಆಗಾಗ ಏರಿಸುತ್ತಾರೆ. ಹಾಗಾಗಿ ಹಳೆಯ 5 ಸ್ಟಾರ್ ಮತ್ತು ಹೊಸ 5 ಸ್ಟಾರ್ ಒಂದೇ ಅಲ್ಲ. ನಕ್ಷತ್ರದ ಜೊತೆ ಅಲ್ಲಿ ಬರೆದಿರುವ ವರ್ಷವನ್ನೂ ನೋಡಬೇಕು, ಇನ್ನೂ ಒಳ್ಳೆಯದು ಅಂದರೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುವ ಅಂಕಿಯನ್ನು ನೋಡುವುದು.

ಇನ್ನೊಂದು ದಾರಿ, ಸರ್ಕಾರವೇ ದೊಡ್ಡ ಗಿರಾಕಿಯಾಗುವುದು. ಎಲ್‌ಇಡಿ ಬಲ್ಬ್ 60 ವ್ಯಾಟಿನ ಹಳೇ ಬಲ್ಬಿನ ಬೆಳಕನ್ನು 9 ವ್ಯಾಟಿನಲ್ಲಿ ಕೊಡುತ್ತದೆ. ಆದರೆ ಹತ್ತು ವರ್ಷದ ಹಿಂದೆ ಅದು ದುಬಾರಿ. ದುಬಾರಿ ಅಂತ ಜನ ಕೊಳ್ಳುವುದಿಲ್ಲ, ಕೊಳ್ಳುವುದಿಲ್ಲ ಅಂತ ಕಂಪನಿಗಳು ಜಾಸ್ತಿ ಮಾಡುವುದಿಲ್ಲ, ಜಾಸ್ತಿ ಮಾಡದೆ ಬೆಲೆ ಇಳಿಯುವುದಿಲ್ಲ. ಈ ಗಂಟನ್ನು ಭಾರತದ ಉಜಾಲಾ ಯೋಜನೆ ಬಿಚ್ಚಿತು. 2015ರ ಜನವರಿಯಲ್ಲಿ ಶುರುವಾದ ಅದರಲ್ಲಿ ಇಇಎಸ್‌ಎಲ್ ಎಂಬ ಸರ್ಕಾರಿ ಕಂಪನಿ ಕೋಟಿಗಟ್ಟಲೆ ಬಲ್ಬಿಗೆ ಒಟ್ಟಿಗೇ ಟೆಂಡರ್ ಕರೆಯಿತು. ಕಂಪನಿಗಳು ಪೈಪೋಟಿಗೆ ಬಿದ್ದವು. ಖರೀದಿ ಬೆಲೆ ಕೆಲವೇ ವರ್ಷಗಳಲ್ಲಿ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯಿತು. ಹಂಚಿದ ಬಲ್ಬುಗಳು 36 ಕೋಟಿ ದಾಟಿದವು. ಬಲ್ಬಿನ ಮೇಲೆ ಸರ್ಕಾರದ ಸಬ್ಸಿಡಿ ಇರಲಿಲ್ಲ ಅನ್ನುವುದು ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಕೆಲಸ ಮಾಡಿದ್ದು ಆರ್ಡರಿನ ಗಾತ್ರ.

ಮನೆಯ ಗೋಡೆ ಬಲ್ಬಿನಷ್ಟು ಸುಲಭ ಅಲ್ಲ

ಬಲ್ಬ್ ಐದು ನಿಮಿಷದ ಕೆಲಸ. ಫ್ರಿಜ್ ಹೇಗೂ ಹತ್ತು ಹದಿನೈದು ವರ್ಷಕ್ಕೆ ಬದಲಾಗುತ್ತದೆ. ಕಟ್ಟಡ ಐವತ್ತು ವರ್ಷ, ನೂರು ವರ್ಷ ನಿಲ್ಲುತ್ತದೆ. ಹೊಸದಾಗಿ ಕಟ್ಟುವವರಿಗೆ ನಿಯಮ ಹಾಕಬಹುದು: ಚಾವಣಿ ಇಷ್ಟು ಶಾಖ ತಡೆಯಬೇಕು, ಕಿಟಕಿ ಹೀಗಿರಬೇಕು ಅಂತ. ಆಗಲೇ ನಿಂತಿರುವ ಮನೆಗಳನ್ನು ಏನು ಮಾಡುವುದು? ಸರ್ಕಾರಗಳು ಹೆಚ್ಚು ಕೈ ಸುಟ್ಟುಕೊಂಡಿದ್ದು ಇಲ್ಲೇ.

ಬ್ರಿಟನ್ 2013ರ ಜನವರಿಯಲ್ಲಿ ಗ್ರೀನ್ ಡೀಲ್ ತಂದಿತು. ಕಾಗದದ ಮೇಲೆ ಅದ್ಭುತ. ಮನೆಗೆ ಶಾಖ ತಡೆಯುವ ಹೊದಿಕೆ ಹಾಕಿಸಿ, ಕೈಯಿಂದ ದುಡ್ಡು ಕೊಡಬೇಡಿ. ಸಾಲದ ಕಂತು ಕರೆಂಟ್ ಬಿಲ್ಲಿನಲ್ಲೇ ಸೇರಿ ಬರುತ್ತದೆ, ಉಳಿತಾಯದ ಅಂದಾಜಿಗಿಂತ ಕಂತು ಜಾಸ್ತಿ ಇರುವುದಿಲ್ಲ, ಮನೆ ಬಿಟ್ಟರೆ ಸಾಲ ಮುಂದಿನವರಿಗೆ ಹೋಗುತ್ತದೆ. ನನ್ನ ಏಸಿ ಸಮಸ್ಯೆಗೆ ಅಳತೆ ತೆಗೆದು ಹೊಲಿದ ಹಾಗಿತ್ತು. ಲಕ್ಷಾಂತರ ಮನೆಗಳ ನಿರೀಕ್ಷೆ ಇತ್ತು. ಸಾಲ ತೆಗೆದುಕೊಂಡವರು ಸುಮಾರು 14 ಸಾವಿರ. 2015ರಲ್ಲಿ ಸರ್ಕಾರ ಅದಕ್ಕೆ ಹಣ ನಿಲ್ಲಿಸಿತು. ಬಡ್ಡಿ 7ರಿಂದ 10 ಪರ್ಸೆಂಟ್ ಇತ್ತು, ಕಾಗದಪತ್ರದ ಓಡಾಟ ಬೇರೆ. ಅದಕ್ಕಿಂತ ಕಡಿಮೆ ಬಡ್ಡಿಗೆ ಬೇರೆ ಕಡೆ ಸಾಲ ಸಿಗುತ್ತಿತ್ತು. ಸಾಲ ಅಂಟಿಕೊಂಡ ಮನೆಯನ್ನು ಯಾರು ಕೊಳ್ಳುತ್ತಾರೆ ಅನ್ನುವ ಅಳುಕೂ ಇತ್ತು. ಜರ್ಮನಿಯಲ್ಲಿ ಕೆಎಫ್‌ಡಬ್ಲ್ಯು ಎಂಬ ಸರ್ಕಾರಿ ಬ್ಯಾಂಕ್ ಇದನ್ನೇ ಬೇರೆ ಥರ ಮಾಡಿತು: ಬಡ್ಡಿ ಕಡಿಮೆ, ಮನೆ ಎಷ್ಟು ಹೆಚ್ಚು ಸುಧಾರಿಸಿತೋ ಸಾಲದಲ್ಲಿ ಅಷ್ಟು ಹೆಚ್ಚು ಮನ್ನಾ. ಅಲ್ಲಿ ಜನ ಬಂದರು.

ಪೂರ್ತಿ ಉಚಿತವಾಗಿ ಕೊಟ್ಟರೆ ಸರಿಹೋಗುತ್ತದಾ? ಅಮೆರಿಕದ ಮಿಷಿಗನ್‌ನಲ್ಲಿ ಸಂಶೋಧಕರು ಸಾವಿರಾರು ಬಡ ಕುಟುಂಬಗಳಿಗೆ ಫೋನ್ ಮಾಡಿ, ಮನೆಗೇ ಹೋಗಿ, ಅರ್ಜಿ ತುಂಬಲು ನೆರವಾಗಿ ಬಿಟ್ಟಿ ದುರಸ್ತಿಗೆ ಒಪ್ಪಿಸಲು ನೋಡಿದರು. ನೂರಕ್ಕೆ ಆರು ಮನೆಯವರಷ್ಟೇ ಮಾಡಿಸಿಕೊಂಡರು. ದಾಖಲೆ ಹುಡುಕಬೇಕು, ಕೆಲಸದವರು ಬಂದಾಗ ರಜೆ ಹಾಕಬೇಕು. ಬಿಟ್ಟಿ ಅನ್ನುವುದಕ್ಕೂ ಒಂದು ಬೆಲೆ ಇರುತ್ತದೆ.

ಆಸ್ಟ್ರೇಲಿಯಾದಲ್ಲಿ ಉಲ್ಟಾ ಆಯಿತು. 2009ರಲ್ಲಿ ಆರ್ಥಿಕ ಹಿಂಜರಿತ ಎದುರಿಸಲು ಅಲ್ಲಿನ ಸರ್ಕಾರ ಚಾವಣಿಯಡಿ ಶಾಖ ತಡೆಯುವ ಹೊದಿಕೆ ಹಾಕಿಸಲು ಧಾರಾಳವಾಗಿ ಹಣ ಬಿಟ್ಟಿತು. ಜನ ಮುಗಿಬಿದ್ದರು. ನಿನ್ನೆ ಮೊನ್ನೆ ಹುಟ್ಟಿದ ಕಂಪನಿಗಳು ತರಬೇತಿಯೇ ಇಲ್ಲದ ಹುಡುಗರನ್ನು ಅಟ್ಟ ಹತ್ತಿಸಿದವು. ಲೋಹದ ಹಾಳೆಗೆ ಹೊಡೆದ ಮೊಳೆ ವೈರಿಗೆ ತಗುಲುತ್ತಿತ್ತು. ನಾಲ್ವರು ಯುವಕರು ಸತ್ತರು. ಮನೆಗಳಿಗೆ ಬೆಂಕಿ ಬಿತ್ತು. 2010ರ ಫೆಬ್ರವರಿಯಲ್ಲಿ ಯೋಜನೆ ನಿಂತಿತು.

ಬಾಡಿಗೆ ಮನೆಗಳ ಗಂಟಿಗೆ ಇಂಗ್ಲೆಂಡ್ ಮತ್ತು ವೇಲ್ಸ್ ಕೊನೆಗೆ ನೇರ ದಾರಿ ಹಿಡಿದವು. ಅಲ್ಲಿ ಮಾರುವ ಅಥವಾ ಬಾಡಿಗೆಗೆ ಕೊಡುವ ಮನೆಗಳಿಗೆ ಇಂಧನ ದಕ್ಷತೆಯ ಎ ಇಂದ ಜಿ ವರೆಗಿನ ದರ್ಜೆ ಇದೆ. 2018ರ ಏಪ್ರಿಲ್‌ನಿಂದ ಇ ದರ್ಜೆಗಿಂತ ಕೆಳಗಿನ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ, ಕೆಲವು ವಿನಾಯಿತಿ ಬಿಟ್ಟು. ಬಾಡಿಗೆದಾರ ಕೇಳಿದರೆ ಮಾಲೀಕರು ಮುಂದೂಡಬಹುದು. ಕಾನೂನು ಕೇಳಿದರೆ ಕಷ್ಟ.

ವಾಲ್ವ್ ತಿರುಗಿಸುವ ಕೈ

ಕಾರ್ಖಾನೆಯಲ್ಲಿ ಬಿಲ್ ಕಟ್ಟುವುದು, ಸಾಮಾನು ಕೊಳ್ಳುವುದು ಎರಡೂ ಒಂದೇ ಕಂಪನಿ. ಹಾಗಾಗಿ ಪೋಲು ಇರಬಾರದು ಅಲ್ವಾ? ಒಳಗೆ ಹೋಗಿ ನೋಡಿದರೆ ಕಥೆ ಬೇರೆ.

ಜಗತ್ತಿನ ಒಟ್ಟು ಕರೆಂಟಿನಲ್ಲಿ 40 ಪರ್ಸೆಂಟಿಗೂ ಹೆಚ್ಚು ಹೋಗುವುದು ಮೋಟಾರುಗಳಿಗೆ. ಪಂಪು, ಬ್ಲೋವರ್, ಕಂಪ್ರೆಸರ್ ತಿರುಗಿಸುವ ಮೋಟಾರುಗಳು. ಒಂದು ಪಂಪಿನ ಮುಂದೆ ನಿಂತುಕೊಳ್ಳಿ. ಮುಂದೆ ಬೇಕಾದೀತು ಅಂತ ಅಗತ್ಯಕ್ಕಿಂತ ದೊಡ್ಡ ಪಂಪು ಹಾಕಿರುತ್ತಾರೆ. ನೀರು ಜಾಸ್ತಿ ಬರುತ್ತದೆ. ಅದನ್ನು ಕಡಿಮೆ ಮಾಡಲು ಆಪರೇಟರ್ ವಾಲ್ವನ್ನು ಅರ್ಧ ಮುಚ್ಚುತ್ತಾರೆ. ಮೋಟಾರು ಮಾತ್ರ ಅದೇ ವೇಗದಲ್ಲಿ ತಿರುಗುತ್ತಾ ಮುಚ್ಚಿದ ವಾಲ್ವಿಗೆ ಗುದ್ದುತ್ತಿರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಬ್ರೇಕಿನಲ್ಲಿ ವೇಗ ಹಿಡಿದ ಹಾಗೆ.

ಬದಲಿಗೆ ಡ್ರೈವ್ ಎಂಬ ವೇಗ ಹೊಂದಿಸುವ ಸಾಧನ ಹಾಕಿ ಮೋಟಾರಿನ ವೇಗವನ್ನೇ ಇಳಿಸಬಹುದು. ಫ್ಯಾನು ಮತ್ತು ಇಂಥ ಪಂಪುಗಳಲ್ಲಿ ಒಂದು ಸೊಗಸಾದ ಲೆಕ್ಕ ಇದೆ. ವೇಗ ಎಷ್ಟು ಇಳಿಯುತ್ತದೋ ಬೇಕಾಗುವ ಶಕ್ತಿ ಅದರ ಘನದಷ್ಟು ಇಳಿಯುತ್ತದೆ. ವೇಗ 80 ಪರ್ಸೆಂಟಿಗೆ ಇಳಿದರೆ, 0.8 ಅನ್ನು ಮೂರು ಸಲ ಗುಣಿಸಿ ನೋಡಿ, 0.51. ನೀರು ಐದನೇ ಒಂದು ಭಾಗ ಕಡಿಮೆ, ಕರೆಂಟು ಹೆಚ್ಚುಕಡಿಮೆ ಅರ್ಧ. ಪಂಪು ಎತ್ತರಕ್ಕೆ ನೀರು ಹತ್ತಿಸಬೇಕಾದ ಕಡೆ ಇಷ್ಟು ಲಾಭ ಸಿಗದು, ಆದರೂ ಕಡಿಮೆಯೇನಲ್ಲ.

ಮತ್ತೆ ಯಾಕೆ ಮಾಡುವುದಿಲ್ಲ? ಪಂಪು ಕೊಳ್ಳುವುದು ಖರೀದಿ ವಿಭಾಗ, ಅವರನ್ನು ಅಳೆಯುವುದು ಎಷ್ಟು ಅಗ್ಗಕ್ಕೆ ಕೊಂಡರು ಅಂತ. ಬಿಲ್ ಬರುವುದು ಇಡೀ ಕಾರ್ಖಾನೆಯ ಹೆಸರಿಗೆ, ಯಾವ ಯಂತ್ರ ಎಷ್ಟು ತಿಂದಿತು ಅಂತ ಅದರಲ್ಲಿ ಇರುವುದಿಲ್ಲ. ಹಗಲೂ ರಾತ್ರಿ ಓಡುವ ಮೋಟಾರಿಗೆ ಜೀವಮಾನದಲ್ಲಿ ಆಗುವ ಖರ್ಚಿನಲ್ಲಿ ಕೊಂಡ ಬೆಲೆ ತೀರಾ ಸಣ್ಣ ಪಾಲು, ಉಳಿದದ್ದೆಲ್ಲ ಕರೆಂಟು. ಆದರೆ ಲೈನ್ ನಿಂತರೆ ಬೈಸಿಕೊಳ್ಳುವ ಸೂಪರ್‌ವೈಸರ್ ಓಡುತ್ತಿರುವುದನ್ನು ಮುಟ್ಟಲು ಹೋಗುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಮನೆ ಮಾಲೀಕರೂ ಬಾಡಿಗೆದಾರನೂ ಇಲ್ಲಿ ಒಂದೇ ಗೇಟಿನ ಒಳಗೆ ಇದ್ದಾರೆ, ಅಷ್ಟೇ ವ್ಯತ್ಯಾಸ.

ಇದಕ್ಕೆ ಭಾರತ ಮಾಡಿದ ಪ್ರಯೋಗ ಗಮನಿಸಬೇಕಾದದ್ದು. ಪರ್ಫಾರ್ಮ್, ಅಚೀವ್ ಅಂಡ್ ಟ್ರೇಡ್, ಚಿಕ್ಕದಾಗಿ ಪ್ಯಾಟ್. ಸಿಮೆಂಟು, ಉಕ್ಕು, ರಸಗೊಬ್ಬರ, ಕಾಗದದಂಥ 8 ವಲಯಗಳ 478 ದೊಡ್ಡ ಘಟಕಗಳಿಗೆ 2012ರಿಂದ 2015ರ ಸುತ್ತಿನಲ್ಲಿ ಒಂದೊಂದಕ್ಕೂ ಬೇರೆ ಗುರಿ ಕೊಟ್ಟರು. ಅಳತೆ ಒಟ್ಟು ಬಳಕೆ ಅಲ್ಲ, ಒಂದು ಟನ್ ಮಾಲಿಗೆ ಎಷ್ಟು ಇಂಧನ ಅನ್ನುವುದು. ಹಾಗಾಗಿ ಉತ್ಪಾದನೆ ಹೆಚ್ಚಿಸಿದವರಿಗೆ ಶಿಕ್ಷೆ ಇರಲಿಲ್ಲ. ಗುರಿ ಮೀರಿ ಉಳಿಸಿದವರಿಗೆ ಸರ್ಟಿಫಿಕೇಟ್ ಸಿಗುತ್ತಿತ್ತು, ಮುಟ್ಟದವರು ಅದನ್ನು ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಕೊಳ್ಳಬೇಕಿತ್ತು. ಮೊದಲ ಸುತ್ತಿನ ಗುರಿ ಸುಮಾರು 67 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ ಉಳಿಸುವುದು, ಉಳಿದದ್ದು ಸುಮಾರು 87 ಲಕ್ಷ ಟನ್. ಗುರಿಯೇ ಸಡಿಲ ಇತ್ತಲ್ಲವೇ ಅನ್ನುವ ಟೀಕೆಯೂ ಬಂತು, ಅದರಲ್ಲಿ ಹುರುಳಿದೆ. ಆದರೂ ಪೋಲಾಗುವ ಇಂಧನಕ್ಕೆ ಒಂದು ಮಾರುಕಟ್ಟೆ ಬೆಲೆ ಬಂತು. ಬೆಲೆ ಬಂದಮೇಲೆ ಅದು ಎಂಜಿನಿಯರ್ ಮೇಜಿನಿಂದ ಲೆಕ್ಕ ವಿಭಾಗದ ಮೇಜಿಗೆ ಹೋಗುತ್ತದೆ. ಸಣ್ಣ ವರ್ಕ್‌ಶಾಪುಗಳಿಗೆ ಮಾತ್ರ ಇಂಥ ಯೋಜನೆ ತಲುಪುವುದಿಲ್ಲ. ಅಲ್ಲಿ ಮೋಟಾರ್ ಸುಟ್ಟರೆ ಹೊಸದು ಕೊಳ್ಳದೆ ರೀವೈಂಡಿಂಗ್ ಮಾಡಿಸುತ್ತಾರೆ, ಅಂದರೆ ಒಳಗಿನ ತಂತಿ ಮತ್ತೆ ಸುತ್ತಿಸುತ್ತಾರೆ, ಮುಂದೆ ಓಡಿಸುತ್ತಾರೆ.

ಕರೆಂಟು ಮಾರುವ ಕಂಪನಿಯನ್ನೂ ಮರೆಯಬಾರದು. ಅದು ಬದುಕುವುದೇ ಯೂನಿಟ್ ಮಾರಿ, ನಮಗೆ ಉಳಿಸಲು ಯಾಕೆ ಹೇಳಿಕೊಡುತ್ತದೆ? ಕ್ಯಾಲಿಫೋರ್ನಿಯಾ 1980ರ ದಶಕದ ಶುರುವಿನಲ್ಲೇ ಕಂಪನಿಯ ಆದಾಯಕ್ಕೂ ಮಾರಿದ ಯೂನಿಟ್‌ಗೂ ಇದ್ದ ಗಂಟು ಬಿಚ್ಚಿತು. ಇಟಲಿ, ಫ್ರಾನ್ಸ್ ಇನ್ನೊಂದು ದಾರಿ ಹಿಡಿದವು: ಇಂಧನ ಮಾರುವ ಇಲ್ಲವೇ ಹಂಚುವ ಕಂಪನಿಗಳೇ ಗಿರಾಕಿಗಳ ಬಳಿ ಇಷ್ಟು ಉಳಿತಾಯ ಮಾಡಿಸಬೇಕು, ಇಲ್ಲದಿದ್ದರೆ ದಂಡ.

ಉಳಿದ ಕರೆಂಟು ಎಲ್ಲಿ ಹೋಯಿತು?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಹಳೆಯ ತಕರಾರಿಗೆ ಉತ್ತರ ಕೊಡಬೇಕು. 1865ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಒಂದು ಮಾತು ಹೇಳಿದರು. ಉಗಿ ಯಂತ್ರ ಸುಧಾರಿಸಿ ಕಡಿಮೆ ಕಲ್ಲಿದ್ದಲು ತಿಂದಷ್ಟೂ ದೇಶದ ಕಲ್ಲಿದ್ದಲು ಬಳಕೆ ಹೆಚ್ಚುತ್ತದೆ. ಅಗ್ಗವಾದದ್ದನ್ನು ಜನ ಜಾಸ್ತಿ ಬಳಸುತ್ತಾರೆ.

ಇದು ಎಷ್ಟು ನಿಜ? ಮೆಕ್ಸಿಕೋ ಒಂದು ಒಳ್ಳೆಯ ಪಾಠ. 2009ರಿಂದ 2012ರವರೆಗೆ ಅಲ್ಲಿ ಹತ್ತು ವರ್ಷಕ್ಕಿಂತ ಹಳೆಯ ಫ್ರಿಜ್, ಏಸಿ ಕೊಟ್ಟು ಹೊಸದು ಕೊಂಡರೆ ಸರ್ಕಾರದ ನೆರವು ಸಿಗುತ್ತಿತ್ತು. ಆಮೇಲೆ ಸಂಶೋಧಕರು ಬಿಲ್‌ಗಳನ್ನು ತೆಗೆದು ನೋಡಿದರು. ಫ್ರಿಜ್ ಬದಲಿಸಿದ ಮನೆಗಳಲ್ಲಿ ಬಳಕೆ ಇಳಿದದ್ದು ಸುಮಾರು 8 ಪರ್ಸೆಂಟ್, ಅಂದಾಜು ಮಾಡಿದ್ದರ ಕಾಲು ಭಾಗ. ಹೊಸ ಫ್ರಿಜ್ ದೊಡ್ಡದಿತ್ತು, ಐಸ್ ಮಾಡುವ ಸೌಲಭ್ಯ ಬೇರೆ. ಏಸಿ ಬದಲಿಸಿದ ಮನೆಗಳಲ್ಲಂತೂ ಬಳಕೆ ಏರಿತ್ತು! ಬಿಲ್ಲಿಗೆ ಹೆದರಿ ಒಂದು ಗಂಟೆ ಹಾಕುತ್ತಿದ್ದವರು ಈಗ ಜಾಸ್ತಿ ಹೊತ್ತು ಹಾಕಿಕೊಂಡರೆ ಹೀಗೇ ಆಗುವುದು.

ಇದನ್ನು ಸೋಲು ಅನ್ನಬೇಕಾ? ಸೆಕೆಯಲ್ಲಿ ಬೆಂದವರು ತಣ್ಣಗೆ ಮಲಗಿದರೆ ನಾನು ಅದನ್ನು ಸೋಲು ಅನ್ನಲಾರೆ. ಆದರೆ ಇಷ್ಟು ಕರೆಂಟು ಉಳಿಯುತ್ತದೆ ಅಂತ ಲೆಕ್ಕ ಬರೆದು ಸ್ಥಾವರ ಕಟ್ಟುವುದನ್ನು ನಿಲ್ಲಿಸಿದ ಸರ್ಕಾರಕ್ಕೆ ಅದು ಸೋಲೇ. ಅದಕ್ಕೇ ಎಂಜಿನಿಯರ್ ಅಂದಾಜನ್ನು ನಂಬದೆ ಬಿಲ್ ನೋಡಿ ಅಳೆಯಬೇಕು ಅನ್ನುವುದು. 2023ರಲ್ಲಿ ದುಬೈ ಹವಾಮಾನ ಸಮ್ಮೇಳನದಲ್ಲಿ ದಕ್ಷತೆ ಸುಧಾರಿಸುವ ವೇಗವನ್ನು 2030ರೊಳಗೆ ಎರಡು ಪಟ್ಟು ಮಾಡುವುದಾಗಿ ದೇಶಗಳು ಒಪ್ಪಿದವು. ವರ್ಷಕ್ಕೆ ಸುಮಾರು 2 ಪರ್ಸೆಂಟಿನಿಂದ 4ಕ್ಕೆ. ಆ ಲೆಕ್ಕ ಅಂದಾಜಿನಲ್ಲಿ ಹಿಡಿಯುತ್ತಾರೋ ಬಿಲ್ಲಿನಲ್ಲಿ ಹಿಡಿಯುತ್ತಾರೋ ನೋಡಬೇಕು.

ಆ ಹಳೇ ಏಸಿ ಒಂದು ಬೇಸಿಗೆಯಲ್ಲಿ ತಾನಾಗೇ ಸುಟ್ಟುಹೋಯಿತು. ಮಾಲೀಕರು ಗೊಣಗಿಕೊಂಡೇ ಅಂಗಡಿಗೆ ಹೋಗಿ ಇದ್ದದ್ದರಲ್ಲಿ ಅಗ್ಗದ್ದನ್ನು ತಂದು ಹಾಕಿಸಿದರು. ಅಷ್ಟರಲ್ಲಿ ಅಂಗಡಿಯಲ್ಲಿದ್ದ ಅಗ್ಗದ್ದೂ ಹಳೆಯದಕ್ಕಿಂತ ಎಷ್ಟೋ ಕಡಿಮೆ ಕರೆಂಟಿನದಾಗಿತ್ತು. ಅದಕ್ಕಿಂತ ಕಳಪೆಯದನ್ನು ಮಾರುವಂತೆಯೇ ಇರಲಿಲ್ಲ. ಮುಂದಿನ ತಿಂಗಳ ಬಿಲ್ ನೋಡಿ, ಮೀಟರ್ ಕೆಟ್ಟಿರಬೇಕು ಅಂದುಕೊಂಡೆ.